ವೃತ್ತವನ್ನು ಏಳು ಪಾಲು ಮಾಡಲು ಬರುವುದಿಲ್ಲವೇ?

ಪ್ರಶ್ನೆ: ನನ್ನ ಮಗಳು ನಾಲ್ಕನೇ ತರಗತಿಯಲ್ಲಿದ್ದಾಳೆ. ಕಳೆದ ತಿಂಗಳ ಕಿರುಪರೀಕ್ಷೆಯಲ್ಲಿ ವೃತ್ತದ ಮೂರನೇ ಒಂದು ಭಾಗಕ್ಕೆ ಬಣ್ಣ ತುಂಬಬೇಕಿತ್ತು. ಅವಳು ನಡುವೆ ಉದ್ದಕ್ಕೆ ಒಂದು ಗೆರೆ ಎಳೆದು, ಬಲಗಡೆಯ ಅರ್ಧವನ್ನು ಮತ್ತೆ ಎರಡು ಮಾಡಿ, ಅದರಲ್ಲೊಂದಕ್ಕೆ ಬಣ್ಣ ಹಚ್ಚಿದ್ದಳು. ಅಂಕ ಸಿಗಲಿಲ್ಲ. ಮನೆಯಲ್ಲಿ ಮತ್ತೆ ಮಾಡಿಸಿದೆ. ಈ ಸಲ ಎರಡು ಉದ್ದಗೆರೆ ಎಳೆದು ಮೂರು ಪಟ್ಟಿ ಮಾಡಿ, "ಮೂರಾಯಿತಲ್ಲಮ್ಮಾ" ಎಂದಳು. ಎರಡು, ನಾಲ್ಕು, ಎಂಟು ಭಾಗ ಮಾಡುವುದು ಅವಳಿಗೆ ಸಲೀಸು. ಮೂರು, ಐದು ಎಂದರೆ ಕಣ್ಣಲ್ಲಿ ನೀರು. ಬರುವ ತಿಂಗಳು ಅವಳ ಹುಟ್ಟುಹಬ್ಬ. ಅವಳೂ ಸೇರಿ ಏಳು ಮಕ್ಕಳು; ಕೇಕನ್ನು ತಾನೇ ಏಳು ಸಮಪಾಲು ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ. "ವೃತ್ತವನ್ನು ಏಳು ಸಮಭಾಗ ಮಾಡಲು ಸಾಧ್ಯವೇ ಇಲ್ಲ, ಗಣಿತದಲ್ಲೇ ಸಾಬೀತಾಗಿದೆ" ಎಂದು ಪಕ್ಕದ ಮನೆಯ ಪಿಯುಸಿ ಹುಡುಗ ಹೇಳುತ್ತಾನೆ. ನಿಜವೇ? 360 ಡಿಗ್ರಿ, ಕೋನಮಾಪಕ ಎಲ್ಲವನ್ನೂ ಈಗಲೇ ಕಲಿಸಬೇಕೇ? ಮಗಳು ಗಣಿತದಲ್ಲಿ ಹಿಂದೆ ಬಿದ್ದಿದ್ದಾಳೆಯೇ?
— ಹಾವೇರಿ ಜಿಲ್ಲೆಯ ಓದುಗರೊಬ್ಬರು

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಪತ್ರದ ಭಾರವೆಲ್ಲ ಅಲ್ಲಿದೆ. ನಿಮ್ಮ ಮಗಳು ಹಿಂದೆ ಬಿದ್ದಿಲ್ಲ. ನಾನು ಇಪ್ಪತ್ತೆಂಟು ವರ್ಷ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸಿದ್ದೇನೆ. ಮೂರನೇ ಒಂದು ಭಾಗ ಕೇಳಿದಾಗ ಅರ್ಧ ಮಾಡಿ, ಆ ಅರ್ಧವನ್ನು ಇನ್ನರ್ಧ ಮಾಡಿ "ಮೂರು" ಎಂದು ತೋರಿಸುವ ಮಕ್ಕಳು ನನ್ನ ತರಗತಿಯಲ್ಲಿ ಇರದ ವರ್ಷವೇ ಇರಲಿಲ್ಲ. ಚುರುಕು ಮಕ್ಕಳೂ ಅವರಲ್ಲಿದ್ದರು. ಆ ಉತ್ತರ ತಪ್ಪು, ಆದರೆ ಅದರ ಹಿಂದೆ ಒಂದು ಯೋಚನೆ ಇದೆ. ಅದನ್ನು ಹಿಡಿದರೆ ಮುಂದಿನ ದಾರಿ ಸುಲಭ.

"ಮೂರು ಸಮಭಾಗ" ಎಂದು ನಾವು ಹೇಳುವಾಗ ಮಗುವಿನ ಕಿವಿಗೆ ಗಟ್ಟಿಯಾಗಿ ಬೀಳುವುದು "ಮೂರು" ಎಂಬ ಮಾತು. ತುಂಡುಗಳನ್ನು ಎಣಿಸುವುದು ಅವಳಿಗೆ ಬರುತ್ತದೆ, ಎಣಿಸುತ್ತಾಳೆ. ತುಂಡಿನ ಗಾತ್ರವನ್ನು ಹೋಲಿಸಿ ನೋಡುವುದು ಬೇರೆಯೇ ಕೆಲಸ, ಅದು ನಿಧಾನವಾಗಿ ಬರುತ್ತದೆ. ಎರಡನೇ ಸಲ ಅವಳು ಮೂರು ಪಟ್ಟಿ ಮಾಡಿದಳಲ್ಲ, ಅಲ್ಲಿ ಅವಳು ಸಮ ಎಂಬುದನ್ನೂ ಯೋಚಿಸಿದ್ದಾಳೆ. ಪಟ್ಟಿಗಳ ಅಗಲವನ್ನು ಸಮ ಮಾಡಲು ನೋಡಿದ್ದಾಳೆ. ಬರ್ಫಿಯನ್ನು, ಚಾಕೊಲೇಟನ್ನು, ಹೊಲವನ್ನು ನಾವು ಹಾಗೆಯೇ ಪಾಲು ಮಾಡುವುದು, ಅಲ್ಲಿ ಅದು ಸರಿಯೂ ಹೌದು. ಆಯತಕ್ಕೆ ಸರಿಹೋಗುವ ಉಪಾಯವನ್ನು ವೃತ್ತಕ್ಕೆ ತಂದಿದ್ದಾಳೆ, ಅಷ್ಟೇ. ವೃತ್ತಕ್ಕೆ ಪಕ್ಕದಲ್ಲಿ ಹೊಟ್ಟೆ ಕಡಿಮೆ, ನಡುವೆ ಹೆಚ್ಚು. ಅಗಲ ಸಮವಾಗಿರುವ ಮೂರು ಪಟ್ಟಿ ಮಾಡಿದರೆ ಇಡೀ ವೃತ್ತದ ನೂರು ಪಾಲಿನಲ್ಲಿ ನಡುವಿನ ಪಟ್ಟಿಗೇ ಸುಮಾರು 42 ಹೋಗುತ್ತದೆ, ಪಕ್ಕದ ಎರಡಕ್ಕೆ ತಲಾ 29 ಉಳಿಯುತ್ತದೆ. ಈ ಲೆಕ್ಕ ನಿಮಗಾಗಿ. ಅವಳಿಗೆ ಹೇಳಬೇಡಿ. ಕಾಗದದ ವೃತ್ತದಲ್ಲಿ ಅವಳೇ ಎಳೆದ ಗೆರೆಗಳ ಮೇಲೆ ಕತ್ತರಿ ಆಡಿಸಿ, ಮೂರು ತುಂಡುಗಳನ್ನು ಒಂದರ ಮೇಲೊಂದು ಇಡಲು ಹೇಳಿ. ಮೂರು ಮಕ್ಕಳಿಗೆ ಕೊಟ್ಟರೆ ಯಾರು ಜಗಳ ತೆಗೆಯುತ್ತಾರೆ ಎಂದು ಕೇಳಿ. ಅವಳು ತಾನಾಗಿ ಬೇರೆ ಗೆರೆ ಎಳೆಯುತ್ತಾಳೆ.

ಎರಡು, ನಾಲ್ಕು, ಎಂಟು ಏಕೆ ಸಲೀಸು? ಕಾಗದವನ್ನು ಮಡಚಿದರೆ ಮುಗಿಯಿತು, ನಡು ಎಲ್ಲಿದೆ ಎಂದು ಹುಡುಕಬೇಕಾಗಿಯೇ ಇಲ್ಲ. ಎರಡು ಮಡಿಕೆ ಹಾದುಹೋಗುವ ಜಾಗದಲ್ಲಿ ಅದು ತಾನಾಗಿ ಕುಳಿತಿರುತ್ತದೆ. ಮೂರಕ್ಕೆ ಬಂದಾಗ ಕೈ ನಡುವಿನಿಂದಲೇ ಹೊರಡಬೇಕು. ನಿಮ್ಮ ಮಗಳಿಗೆ ಆ ನಡುವಿನ ಪರಿಚಯ ಇನ್ನೂ ಆಗಿಲ್ಲ. ನನ್ನ ಅನುಭವದಲ್ಲಿ ಈ ತೊಡಕಿನ ಬೇರು ಹೆಚ್ಚಾಗಿ ಇಲ್ಲೇ ಇರುತ್ತದೆ.

ಇನ್ನೊಂದು ತಪ್ಪು ಮುಂದೆ ಬರಬಹುದು, ಈಗಲೇ ಹೇಳಿಬಿಡುತ್ತೇನೆ. ನಾಲ್ಕು ಭಾಗಕ್ಕೆ ಎರಡು ಗೆರೆ, ಎಂಟು ಭಾಗಕ್ಕೆ ನಾಲ್ಕು ಗೆರೆ ಎಂದು ಮಕ್ಕಳು ಲೆಕ್ಕ ಹಿಡಿದಿರುತ್ತಾರೆ. ಮೂರು ಭಾಗ ಎಂದಾಗ ನಡುವೆ ಹಾದುಹೋಗುವ ಮೂರು ಗೆರೆ ಎಳೆದು, ಆರು ಭಾಗ ಬಂದುದನ್ನು ಕಂಡು ಕಂಗಾಲಾಗುತ್ತಾರೆ. ಈ ಬದಿಯಿಂದ ಆ ಬದಿಗೆ ಹೋಗುವ ಗೆರೆಯನ್ನು ಸ್ವಲ್ಪ ದಿನ ಬಿಡಿಸಿಬಿಡಿ. ಬದಲಿಗೆ ಎತ್ತಿನ ಗಾಡಿಯ ಚಕ್ರ ತೋರಿಸಿ. ಅದರ ಕಡ್ಡಿ ನಡುವಿನಿಂದ ಹೊರಟು ಅಂಚಿಗೆ ಮುಟ್ಟಿ ನಿಲ್ಲುತ್ತದೆ, ಆಚೆ ಬದಿಗೆ ದಾಟುವುದಿಲ್ಲ. ಎಷ್ಟು ಕಡ್ಡಿಯೋ ಅಷ್ಟು ಭಾಗ. ಮೂರಕ್ಕೆ ಮೂರು, ಐದಕ್ಕೆ ಐದು, ಏಳಕ್ಕೆ ಏಳು. ಹೀಗೆ ನೋಡಿದ ಮಗುವಿಗೆ ಸರಿಸಂಖ್ಯೆ ಸುಲಭ, ಬೆಸಸಂಖ್ಯೆ ಕಷ್ಟ ಎಂಬ ಭೇದವೇ ಉಳಿಯುವುದಿಲ್ಲ.

ತಟ್ಟೆಯನ್ನೋ ಬಳೆಯನ್ನೋ ಇಟ್ಟು ಎಳೆದ ವೃತ್ತಕ್ಕೆ ನಡು ಹುಡುಕುವುದು ಹೇಗೆ? ಕತ್ತರಿಸಬಹುದಾದರೆ ಎರಡು ಸಲ ಮಡಚಿ ಬಿಚ್ಚಿ. ಕತ್ತರಿಸಲು ಬರದಿದ್ದರೆ ನೋಟ್‌ಬುಕ್ಕಿನ ಒಂದು ಮೂಲೆಯನ್ನು ವೃತ್ತದ ಅಂಚಿನ ಮೇಲೆ ತಾಗಿಸಿ ಇಡಿ. ಪುಸ್ತಕದ ಎರಡೂ ಬದಿ ಅಂಚನ್ನು ದಾಟುವ ಎರಡು ಜಾಗಗಳನ್ನು ಗುರುತಿಸಿ, ಸೇರಿಸಿದರೆ ಅದು ವ್ಯಾಸ. ಮೂಲೆಯನ್ನು ಬೇರೆ ಜಾಗಕ್ಕೆ ಸರಿಸಿ ಇನ್ನೊಮ್ಮೆ ಹೀಗೆಯೇ ಮಾಡಿ. ಎರಡು ವ್ಯಾಸಗಳು ಹಾಯುವ ಜಾಗವೇ ಕೇಂದ್ರ.

ಈಗ ಆ ಪಿಯುಸಿ ಹುಡುಗನ ಮಾತು. ಅವನು ಓದಿದ್ದು ಸುಳ್ಳಲ್ಲ, ಅದರ ಜೊತೆಗಿರುವ ಷರತ್ತನ್ನು ಬಿಟ್ಟು ಹೇಳಿದ್ದಾನೆ. ಗುರುತುಗಳಿಲ್ಲದ ಅಳತೆಪಟ್ಟಿ ಮತ್ತು ಕೈವಾರ, ಇವೆರಡನ್ನು ಮಾತ್ರ ಬಳಸಿ ವೃತ್ತವನ್ನು ಕರಾರುವಾಕ್ಕಾಗಿ ಏಳು ಸಮಭಾಗ ಮಾಡಲು ಬರುವುದಿಲ್ಲ. ಒಂಬತ್ತಕ್ಕೂ ಬರುವುದಿಲ್ಲ. ಆದರೆ ಹದಿನೇಳು ಭಾಗ ಮಾಡಲು ಬರುತ್ತದೆ! ಅದನ್ನು 1796ರಲ್ಲಿ ಕಂಡುಕೊಂಡವನು ಜರ್ಮನಿಯ ಗಣಿತಜ್ಞ ಗಾಸ್. ಅವನಿಗೆ ಆಗ ಹತ್ತೊಂಬತ್ತು ತುಂಬಿರಲಿಲ್ಲ. ಏಳು, ಒಂಬತ್ತು ಏಕೆ ಆಗದು ಎಂಬುದಕ್ಕೆ ಪೂರ್ಣ ಸಾಧನೆ ಕೊಟ್ಟವನು ಫ್ರಾನ್ಸಿನ ವಾಂಟ್ಸೆಲ್, 1837ರಲ್ಲಿ. ಇದು ಆ ಎರಡು ಉಪಕರಣಗಳ ಮಿತಿಯ ಮಾತು, ವೃತ್ತದ ಮಿತಿಯ ಮಾತಲ್ಲ. ವೃತ್ತಕ್ಕೆ ಏಳು ಸಮಭಾಗಗಳು ಇದ್ದೇ ಇವೆ. ದಾರ, ಕಾಗದದ ಪಟ್ಟಿ, ಕೋನಮಾಪಕ ಏನು ಬೇಕಾದರೂ ಬಳಸಬಹುದಾದ ನಿಮ್ಮ ಮಗಳಿಗೆ ಆ ನಿಯಮ ಅನ್ವಯಿಸುವುದೇ ಇಲ್ಲ.

ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯಲ್ಲಿ ಇದೇ ಕೆಲಸಕ್ಕೆ ಅಂಕಿಗಳನ್ನು ಕೊಟ್ಟಿದ್ದಾರೆ. ವ್ಯಾಸ 2000 ಇರುವ ವೃತ್ತದೊಳಗೆ ಮೂರರಿಂದ ಒಂಬತ್ತು ಸಮಬಾಹುಗಳ ಆಕೃತಿ ಕೂರಿಸಿದರೆ ಒಂದೊಂದು ಬಾಹು ಎಷ್ಟುದ್ದ ಬರುತ್ತದೆ ಎಂಬುದು ಲೆಕ್ಕ. ಆರು ಬಾಹುವಿಗೆ ನೇರವಾಗಿ 1000. ಏಳಕ್ಕೆ 867, ಮತ್ತೆ ಹನ್ನೆರಡನೇ ಏಳು ಭಾಗ. ಇಂದು ಯಂತ್ರದಲ್ಲಿ ಲೆಕ್ಕ ಹಾಕಿದರೆ 867.77 ಬರುತ್ತದೆ, ಅಂದರೆ ಎರಡು ಸಾವಿರದ ವ್ಯಾಸದಲ್ಲಿ ವ್ಯತ್ಯಾಸ ಒಂದರ ಕಾಲು ಭಾಗವೂ ಇಲ್ಲ. ನಿಮ್ಮ ಕಾಗದಕ್ಕೆ ಇಳಿಸಿದರೆ: ಹತ್ತು ಸೆಂಟಿಮೀಟರ್ ತ್ರಿಜ್ಯದ ವೃತ್ತಕ್ಕೆ ಕೈವಾರವನ್ನು 8 ಸೆಂ.ಮೀ. 7 ಮಿ.ಮೀ.ಗಿಂತ ಕೂದಲೆಳೆಯಷ್ಟು ಕಡಿಮೆ ತೆರೆದು ಅಂಚಿನ ಮೇಲೆ ಏಳು ಹೆಜ್ಜೆ ಹಾಕಿದರೆ ಏಳನೆಯದು ಹೊರಟಲ್ಲಿಗೇ ಬಂದು ಸೇರುತ್ತದೆ. ಇದನ್ನು ಓದುವಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಸಾಧ್ಯವೇ ಇಲ್ಲ ಎನ್ನುವವರಿಗೆ ಈ ಒಂದು ಲೆಕ್ಕ ಸಾಕು.

ಇನ್ನು ಮಾಡುವ ಬಗೆ. ನಾಲ್ಕು ದಾರಿಗಳಿವೆ, ಪ್ರತಿಯೊಂದಕ್ಕೂ ಒಂದೊಂದು ಎಚ್ಚರಿಕೆ.

ಎಲ್ಲಕ್ಕಿಂತ ಮೊದಲು ಮಡಚುವುದು. ಮೂರಕ್ಕೂ ಮಡಿಕೆ ಇದೆ. ವೃತ್ತವನ್ನು ಅರ್ಧ ಮಡಚಿ. ನೇರ ಅಂಚಿನ ನಡುವನ್ನು ಎಡಗೈ ಬೆರಳಿನಿಂದ ಒತ್ತಿ ಹಿಡಿದು, ಕಡಲೆಕಾಯಿ ಪೊಟ್ಟಣ ಸುತ್ತುವ ಹಾಗೆ ಎರಡೂ ಬದಿಗಳನ್ನು ಒಂದರ ಮೇಲೊಂದು ತನ್ನಿ. ಮೂರು ಪದರಗಳೂ ಒಂದರ ಮೇಲೊಂದು ಸರಿಯಾಗಿ ಕೂತ ಮೇಲೆ ಉಗುರಿನಿಂದ ಗೀಚಿ ಮಡಿಕೆ ಗಟ್ಟಿ ಮಾಡಿ. ಬಿಚ್ಚಿದರೆ ಆರು ಭಾಗ. ಒಂದು ಬಿಟ್ಟು ಒಂದು ಮಡಿಕೆಗೆ ಪೆನ್ಸಿಲ್ ಹಚ್ಚಿದರೆ ಮೂರು. ಪದರ ಸರಿಹೊಂದಿಸುವ ಮೊದಲೇ ಮಡಿಕೆಯನ್ನು ಒತ್ತಬಾರದು, ಎಚ್ಚರ ಬೇಕಾದುದು ಅಲ್ಲಿ. ಎಂಟಾದ ಮೇಲೆ ಹದಿನಾರಕ್ಕೆ ಹೋದರೆ ಕಾಗದ ದಪ್ಪವಾಗಿ ಒಳಪದರ ಜಾರುತ್ತದೆ. ಹಾಗಾಗಿ ತೆಳು ಕಾಗದ ಒಳ್ಳೆಯದು.

ಎರಡನೆಯದು ಕೈವಾರ. ಇದರಲ್ಲಿ ಒಂದು ಕೌತುಕವಿದೆ, ಅದನ್ನು ಮಗುವಿನಿಂದ ಕಸಿದುಕೊಳ್ಳಬೇಡಿ. ವೃತ್ತ ಎಳೆದ ಕೈವಾರವನ್ನು ಮುಚ್ಚದೆ, ತೆರೆದಷ್ಟೇ ತೆರೆದಿಟ್ಟು, ಮುಳ್ಳನ್ನು ಅಂಚಿನ ಮೇಲೆ ಎಲ್ಲಿಯಾದರೂ ಇಟ್ಟು ಅಂಚಿನ ಮೇಲೆಯೇ ಒಂದು ಗುರುತು ಮಾಡಲಿ. ಮುಳ್ಳನ್ನು ಆ ಗುರುತಿಗೆ ಸರಿಸಲಿ, ಮತ್ತೊಂದು ಗುರುತು. ಹೀಗೆ ಹೋಗುತ್ತಾ ಆರನೆಯ ಗುರುತು ಹೊರಟ ಜಾಗದ ಮೇಲೆಯೇ ಬಂದು ಬೀಳುತ್ತದೆ. ಎಷ್ಟು ದೊಡ್ಡ ವೃತ್ತವಾದರೂ ಆರೇ, ಎಷ್ಟು ಚಿಕ್ಕದಾದರೂ ಆರೇ. ನನ್ನ ತರಗತಿಯಲ್ಲಿ ಇದನ್ನು ಮೊದಲ ಸಲ ಮಾಡಿದ ಮಕ್ಕಳು ನಂಬದೆ, ಬೇರೆ ಅಳತೆಯ ವೃತ್ತ ಎಳೆದು ಮತ್ತೆ ಮತ್ತೆ ನೋಡುತ್ತಿದ್ದರು. ಏಕೆ ಹೀಗೆ ಎಂದು ಕೇಳಿದರೆ ಒಂದೇ ಬಗೆಯ ಏಳು ನಾಣ್ಯ ಕೊಡಿ. ಒಂದನ್ನು ನಡುವೆ ಇಟ್ಟು ಸುತ್ತಲೂ ಜೋಡಿಸಲಿ. ಆರು ನಾಣ್ಯ ಇಟ್ಟಾಗ ಸುತ್ತು ತುಂಬುತ್ತದೆ, ಸಂದು ಉಳಿಯುವುದಿಲ್ಲ, ಏಳನೆಯದಕ್ಕೆ ಜಾಗವೂ ಇರುವುದಿಲ್ಲ. ಅಕ್ಕಪಕ್ಕದ ಎರಡು ನಾಣ್ಯ ಮತ್ತು ನಡುವಿನದು, ಈ ಮೂರರ ಕೇಂದ್ರಗಳು ಸಮಬಾಹು ತ್ರಿಭುಜ; ಅಂಥ ಆರು ತ್ರಿಭುಜಗಳು ಸೇರಿದರೆ ಒಂದು ಪೂರ್ತಿ ಸುತ್ತು. ಆರನೆಯ ಗುರುತು ಸರಿಯಾಗಿ ಬೀಳದಿದ್ದರೆ ತಪ್ಪು ಮಗುವಿನದಲ್ಲ, ಕೈವಾರದ ತಿರುಪು ಸಡಿಲಾಗಿ ಕಾಲು ಅಗಲಿರುತ್ತದೆ. ಜ್ಯಾಮಿತಿ ಪೆಟ್ಟಿಗೆಯ ಹೊಸ ಕೈವಾರದ ತಿರುಪನ್ನೂ ಒಮ್ಮೆ ಬಿಗಿಮಾಡಿ ಕೊಡಿ. ಮುಳ್ಳು ಚೂಪು, ಅಡಿಯಲ್ಲಿ ರಟ್ಟು ಇಟ್ಟು, ನೀವು ಪಕ್ಕದಲ್ಲಿ ಕುಳಿತಿರಿ.

ಆರು ಬಂದ ಮೇಲೆ ಎರಡು ಗುರುತುಗಳ ನಡುವೆ ಒಂದೊಂದು ಸೇರಿಸಿದರೆ ಹನ್ನೆರಡು, ಅದು ಗಡಿಯಾರ. ಇನ್ನೊಮ್ಮೆ ಸೇರಿಸಿದರೆ ಇಪ್ಪತ್ತನಾಲ್ಕು, ಅದು ನಿಮಗೆ ಹತ್ತಿರದ ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ರಾಷ್ಟ್ರಧ್ವಜದ ಅಶೋಕ ಚಕ್ರ. ರಜೆಯಲ್ಲಿ ಗದಗ ಜಿಲ್ಲೆಯ ಡಂಬಳಕ್ಕೆ ಅವಳನ್ನು ಕರೆದುಕೊಂಡು ಹೋಗಿ. ಅಲ್ಲಿನ ದೊಡ್ಡಬಸಪ್ಪ ದೇವಾಲಯ ಹನ್ನೆರಡನೇ ಶತಮಾನದ್ದು. ಅದರ ಗರ್ಭಗುಡಿಯ ಹೊರಗೋಡೆ ಇಪ್ಪತ್ತನಾಲ್ಕು ಮೂಲೆಯ ನಕ್ಷತ್ರ. ಗೋಡೆಯ ಸುತ್ತ ನಡೆಯುತ್ತಾ ಮೂಲೆಗಳನ್ನು ಎಣಿಸಲಿ. ಮನೆಗೆ ಬಂದ ಮೇಲೆ ರಟ್ಟಿನ ಚೌಕವೊಂದನ್ನು ನಡುವೆ ಗುಂಡುಪಿನ್ನಿನಿಂದ ಚುಚ್ಚಿ ಕಾಗದದ ಮೇಲಿಟ್ಟು, ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಆರು ಸಲ ಸುತ್ತಲೂ ಗೆರೆ ಎಳೆಯಲಿ. ಒಂದು ಚೌಕಕ್ಕೆ ನಾಲ್ಕು ಮೂಲೆ, ಆರು ಸಲಕ್ಕೆ ಇಪ್ಪತ್ತನಾಲ್ಕು. ಸಮವಾಗಿ ತಿರುಗಿಸಿದರೆ ಆ ಗುಡಿಯ ತಳವಿನ್ಯಾಸವೇ ಅವಳ ಕಾಗದದ ಮೇಲೆ ಮೂಡುತ್ತದೆ. ವೃತ್ತವನ್ನು ಹಂಚುವುದೆಂದರೆ ನಡುವನ್ನು ಗಟ್ಟಿಯಾಗಿ ಹಿಡಿದು ಸಮಸಮವಾಗಿ ತಿರುಗುವುದು ಎಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಪಾಠ ನನಗೆ ಗೊತ್ತಿಲ್ಲ.

ಮೂರನೆಯದು ಕಾಗದದ ಪಟ್ಟಿ. ಐದಕ್ಕೂ ಏಳಕ್ಕೂ ಇದೇ ನನ್ನ ಆಯ್ಕೆ. ಅಂಚನ್ನು ಸಮವಾಗಿ ಹಂಚಿ ಗುರುತುಗಳನ್ನು ನಡುವಿಗೆ ಸೇರಿಸಿದರೆ ಒಳಗೆಲ್ಲ ತಾನಾಗಿ ಸಮ ಆಗುತ್ತದೆ. ಸುತ್ತನ್ನು ಬಿಚ್ಚಿ ನೇರ ಮಾಡಿಕೊಂಡರೆ ಅದನ್ನು ಹಂಚುವುದು ಸುಲಭ. ಉಪ್ಪಿನಕಾಯಿ ಬಾಟಲಿಯ ಮುಚ್ಚಳದಂಥ, ಬದಿ ನೆಟ್ಟಗಿರುವ, ಸುಮಾರು ಏಳು ಸೆಂ.ಮೀ. ಅಗಲದ ಮುಚ್ಚಳ ತೆಗೆದುಕೊಳ್ಳಿ. ಅದರ ಬದಿಗೆ ಕಾಗದದ ಪಟ್ಟಿ ಸುತ್ತಿ, ಎರಡು ತುದಿಗಳೂ ಸರಿಯಾಗಿ ತಾಗುವಲ್ಲಿ ಕತ್ತರಿಸಿ. ಸುಮಾರು 22 ಸೆಂ.ಮೀ. ಉದ್ದ ಸಿಗುತ್ತದೆ. ಅದನ್ನು ಗೆರೆ ಹಾಕಿದ ದೊಡ್ಡ ನೋಟ್‌ಬುಕ್ಕಿನ ಮೇಲೆ ಓರೆಯಾಗಿ ಇಡಿ. ಒಂದು ತುದಿ ಒಂದು ಗೆರೆಯ ಮೇಲೆ, ಇನ್ನೊಂದು ತುದಿ ಆ ಗೆರೆಯನ್ನು ಬಿಟ್ಟು ಎಣಿಸಿದರೆ ಇಪ್ಪತ್ತೊಂದನೇ ಗೆರೆಯ ಮೇಲೆ ಬರುವ ಹಾಗೆ ಓರೆ ಹೊಂದಿಸಿ. ಮೂರು ಮೂರು ಗೆರೆಗೊಮ್ಮೆ ಪಟ್ಟಿಯ ಮೇಲೆ ಗುರುತು ಹಾಕಿದರೆ ಪಟ್ಟಿ ಏಳು ಸಮಭಾಗವಾಯಿತು, ಭಾಗಾಕಾರ ಬೇಕಿಲ್ಲ, ಅಳತೆ ಬೇಕಿಲ್ಲ. ಐದು ಬೇಕಿದ್ದರೆ ಇಪ್ಪತ್ತು ಗೆರೆ, ನಾಲ್ಕಕ್ಕೊಂದು ಗುರುತು. ಪಟ್ಟಿಯನ್ನು ಮತ್ತೆ ಮುಚ್ಚಳಕ್ಕೆ ಸುತ್ತಿ, ಮುಚ್ಚಳವನ್ನು ಕಾಗದದ ಮೇಲಿಟ್ಟು ವೃತ್ತ ಎಳೆದು ಗುರುತುಗಳನ್ನು ಇಳಿಸಿಕೊಂಡು, ಮೊದಲು ಹೇಳಿದ ಹಾಗೆ ನಡು ಹುಡುಕಿ ಕಡ್ಡಿಗಳನ್ನು ಎಳೆಯಲಿ. ದಾರದಿಂದಲೂ ಇದನ್ನು ಮಾಡಬಹುದು, ಆದರೆ ದಾರ ಹಿಗ್ಗುತ್ತದೆ. ಉಣ್ಣೆದಾರವಂತೂ ಬೇಡವೇ ಬೇಡ.

ಕೋನಮಾಪಕ ನಾಲ್ಕನೆಯದು. ನಿಮ್ಮ ಮಗಳಿಗೆ ಈಗ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಡಿಗ್ರಿಯಲ್ಲಿ ಅಳೆಯುವುದು ಮುಂದಿನ ತರಗತಿಗಳಲ್ಲಿ ಬಂದೇ ಬರುತ್ತದೆ. 360ನ್ನು ಮೂರರಿಂದ ಭಾಗಿಸಿ 120 ಎಂದು ಬಾಯಿಪಾಠ ಮಾಡಿದ ಮಗುವಿಗೆ ಮೂರು ಪಾಲು ಎಂದರೇನು ಎಂಬುದು ಹಾಗೆಯೇ ಕತ್ತಲೆಯಲ್ಲಿ ಉಳಿಯಬಹುದು. ಅಂಥ ಮಕ್ಕಳನ್ನು ಏಳನೇ ತರಗತಿಯಲ್ಲೂ ಕಂಡಿದ್ದೇನೆ. ಸುತ್ತಿಗೆ 360 ಎಂಬ ಸಂಖ್ಯೆ ಅರವತ್ತರ ಲೆಕ್ಕದಲ್ಲಿ ಎಣಿಸುತ್ತಿದ್ದ ಬ್ಯಾಬಿಲೋನಿನ ಖಗೋಳಜ್ಞರ ಕಾಲದಿಂದ ಬಂದದ್ದು. ಒಂದರಿಂದ ಹತ್ತರವರೆಗಿನ ಎಲ್ಲ ಸಂಖ್ಯೆಗಳಿಂದಲೂ ಅದು ನಿಶ್ಶೇಷವಾಗಿ ಭಾಗವಾಗುತ್ತದೆ, ಏಳರಿಂದ ಮಾತ್ರ ಆಗುವುದಿಲ್ಲ. 51.43 ಎಂದು ಹೇಳಿ ಮುಗಿಯದ ದಶಮಾಂಶ ಬರುತ್ತದೆ. ನೀವೇ ಕೋನಮಾಪಕ ಹಿಡಿಯುವುದಾದರೆ ಒಂದು ಮಾತು ನೆನಪಿಡಿ. ಪ್ರತಿ ಸಲ ಹಿಂದಿನ ಗೆರೆಯಿಂದ 51 ಅಳೆಯುತ್ತಾ ಹೋದರೆ ಆರು ಸಲಕ್ಕೆ 306 ಆಗಿ, ಕೊನೆಯ ತುಂಡಿಗೆ 54 ಉಳಿಯುತ್ತದೆ. ಎಲ್ಲವನ್ನೂ ಮೊದಲ ಗೆರೆಯಿಂದಲೇ ಅಳೆದು 51, 103, 154, 206, 257, 309ರಲ್ಲಿ ಗುರುತು ಹಾಕಿ. ತಪ್ಪು ಒಂದೇ ಕಡೆ ಗುಡ್ಡೆಯಾಗುವುದಿಲ್ಲ.

ಕೇಕಿಗೆ ಬರೋಣ. ಮುಚ್ಚಳದ ವೃತ್ತದಲ್ಲಿ ಅವಳು ಎಳೆದ ಏಳು ಕಡ್ಡಿಗಳನ್ನು ದೊಡ್ಡ ಹಾಳೆಯ ಮೇಲೆ ಹೊರಕ್ಕೆ ಬೆಳೆಸಿ, ಕೇಕಿನ ತಳದ ರಟ್ಟಿಗಿಂತ ನಾಲ್ಕು ಬೆರಳು ಆಚೆಗೆ ಬರಲಿ. ಪುಟ್ಟ ವೃತ್ತವನ್ನು ಹಂಚಿದ ಗೆರೆಗಳೇ ದೊಡ್ಡದನ್ನೂ ಹಂಚುತ್ತವೆ, ಇದನ್ನು ಅವಳು ತನ್ನ ಕಣ್ಣಾರೆ ನೋಡಲಿ. ಆದರೆ ಪುಟ್ಟ ವೃತ್ತದಲ್ಲಿ ಒಂದು ಮಿಲಿಮೀಟರ್ ಜಾರಿದರೆ ಕೇಕಿನ ಅಂಚಿನಲ್ಲಿ ಅದು ಮೂರು ಮಿಲಿಮೀಟರ್ ಆದೀತು, ಅದಕ್ಕೇ ಗುರುತು ಹಾಕುವಾಗ ಪೆನ್ಸಿಲ್ ಚೂಪಾಗಿರಬೇಕು. ಕೇಕನ್ನು ಹಾಳೆಯ ನಡುವೆ ಕೂರಿಸಿದರೆ ಸುತ್ತಲೂ ಏಳು ಗೆರೆಯ ತುದಿಗಳು ಇಣುಕುತ್ತವೆ.

ಚಾಕು ಹಿಡಿಯುವ ಮೊದಲು ಅವಳಿಗೆ ಒಂದು ಸಂಗತಿ ತೋರಿಸಿ. ಏಳರಲ್ಲಿ ಒಂದು ಕಡ್ಡಿಯ ಎದುರಿಗೆ ಇನ್ನೊಂದು ಕಡ್ಡಿ ಇರುವುದಿಲ್ಲ. ಅದರ ನೇರಕ್ಕೆ ಎದುರಿನ ತುಂಡಿನ ಸರೀ ನಡುಭಾಗ ಬರುತ್ತದೆ. ಎಂಟು ಮಾಡುವ ಅಭ್ಯಾಸದಲ್ಲಿ ಚಾಕುವನ್ನು ಈ ಬದಿಯಿಂದ ಆ ಬದಿಗೆ ಎಳೆದರೆ ಎದುರಿನ ಪಾಲು ಎರಡಾಗಿಬಿಡುತ್ತದೆ. ಮೊನೆಯನ್ನು ನಡುವೆ ಇಟ್ಟು, ಹೊರಗಿನ ಗೆರೆಯ ತುದಿಯನ್ನು ನೋಡುತ್ತಾ ಅಂಚಿನ ಕಡೆಗೆ ಇಳಿಸಬೇಕು. ಏಳು ಸಲವೂ ಹೀಗೆಯೇ. ಕೇಕಿನೊಂದಿಗೆ ಕೊಡುವ ಪ್ಲಾಸ್ಟಿಕ್ ಚಾಕು ಅವಳ ಕೈಗೆ ಸಾಕು. ಹುಟ್ಟುಹಬ್ಬಕ್ಕೆ ಎರಡು ದಿನ ಮೊದಲು ಒಂದು ಚಪಾತಿಯ ಮೇಲೆ ಮಾಡಿ ನೋಡಲಿ, ಏಳು ತುಂಡನ್ನೂ ಒಂದರ ಮೇಲೊಂದು ಇಟ್ಟು ಅವಳೇ ಪರೀಕ್ಷಿಸಲಿ.